ಹದಿನೆಂಟು ಸೆಕೆಂಡಿನ ಹಿತಕಿದ ಬೇಳೆ

ಅಜ್ಜಿ, ಮರಿಮೊಮ್ಮಗ ಇಬ್ಬರೂ ಅಡುಗೆಮನೆಯಲ್ಲಿ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದಾಗ ಮೊಬೈಲಿನಲ್ಲಿ ಹಿಡಿದ ಮಾತು ಇದು. ಒಟ್ಟು 18 ಸೆಕೆಂಡು. ಇದನ್ನು ಅನಿಮೇಷನ್ ಮಾಡಲು ಚಿತ್ರ ಬರೆಯುತ್ತಾ ಹೊಳೆದದ್ದು ಸಾಲುಗಳ ಕೆಳಗಿದೆ.

“ಅಜ್ಜೀ, ಇದು… ಇದ್ಯಾಕೆ ಹಿಂಗೆ ಜಾರತ್ತೆ?”

‘ಇದು’ ಎರಡು ಸಲ. ಡಬ್ಬಿಂಗ್ ಕಲಾವಿದರಾಗಿದ್ದರೆ ಒಂದೇ ಸಲ ಅನ್ನುತ್ತಿದ್ದರು. ಮೊದಲನೆಯದಕ್ಕೆ ಕಾಳು ಬೆರಳಿನಿಂದ ಚಿಮ್ಮುತ್ತದೆ, ಎರಡನೆಯದಕ್ಕೆ ಹುಡುಗನ ಕಣ್ಣು ಅದರ ಹಿಂದೆ ಓಡುತ್ತದೆ. ಜಾನ್ ಮತ್ತು ಫೇತ್ ಹಬ್ಲಿ ದಂಪತಿ 1959ರ ಅನಿಮೇಷನ್ ಕಿರುಚಿತ್ರ ‘ಮೂನ್‌ಬರ್ಡ್’ನಲ್ಲಿ ಹಿಡಿದದ್ದೂ ಇದೇ ದಾರಿ. ತಮ್ಮ ಇಬ್ಬರು ಗಂಡುಮಕ್ಕಳ ಆಟದ ಮಾತನ್ನು ಮುದ್ರಿಸಿಕೊಂಡು, ರಾತ್ರಿ ಹಕ್ಕಿ ಹಿಡಿಯಲು ಹೊರಟ ಅಣ್ಣತಮ್ಮಂದಿರನ್ನು ಬರೆದರು. ಮಾತಿನ ಸಿಕ್ಕು ಬಿಡಿಸಲು ಹೋಗಲಿಲ್ಲ. ಆಸ್ಕರ್ ಬಂತು.

“ಜಾರ್ಲಿ ಬಿಡು. ನಿಮ್ ತಾತಾನೂ… ಹೂಂ. ಹೆಬ್ಬೆಟ್ಟಲ್ಲಿ ಒತ್ತು ಮಗಾ.”

ಇಡೀ ಚಿತ್ರ ನಿಂತಿರುವುದು ಈ ಮೂರು ಚುಕ್ಕಿಯ ಮೇಲೆ. ಒಂದೂವರೆ ಸೆಕೆಂಡು. ಸೆಕೆಂಡಿಗೆ 24 ಫ್ರೇಮ್, ಎರಡು ಫ್ರೇಮಿಗೊಂದು ಚಿತ್ರ ಅಂತ ಹಿಡಿದರೂ ಅಜ್ಜಿಯ ಮೌನಕ್ಕೆ 18 ಚಿತ್ರ ಬೇಕು. ಮೊದಲು ತಾತನ ಮುಖ ಬರೆದೆ, ಗೋಡೆಯ ಫೋಟೋದಿಂದ ಇಳಿದು ಬಂದ ಹಾಗೆ. ಅಜ್ಜಿ ನುಂಗಿಕೊಂಡದ್ದನ್ನು ನಾನು ಕಕ್ಕಿಸಿದಂತಾಯಿತು, ಅಳಿಸಿದೆ. ಈಗ ಅವಳ ಹೆಬ್ಬೆಟ್ಟಿಗೆ ಅಂಟಿದ ಸಿಪ್ಪೆ ಮಾತ್ರ ಇದೆ. ಒಂದೇ ಚಿತ್ರವನ್ನು ಎಳೆದು ನಿಲ್ಲಿಸಬಹುದಿತ್ತು. ಬದಲಿಗೆ ಅದೇ ಸಿಪ್ಪೆಯನ್ನು 18 ಸಲ ಹೊಸದಾಗಿ ಬರೆದೆ. ಕೈಗೆರೆ ಒಂದರ ಹಾಗೊಂದು ಬರುವುದಿಲ್ಲವಲ್ಲ, ಓಡಿಸಿದರೆ ಸಿಪ್ಪೆ ಸಣ್ಣಗೆ ನಡುಗುತ್ತದೆ, ಉಸಿರಾಡುವ ಹಾಗೆ.

(ಕುಕ್ಕರ್ ಕೂಗು) “ಎಷ್ಟಾಯ್ತು? ಮೂರಾ?”

ಕೂಗು ತೆಗೆದುಬಿಡು ಅಂದರು ಗೆಳೆಯರು. ತೆಗೆದರೆ ಅದರಲ್ಲಿ ಹೂತ ಅಜ್ಜಿಯ ‘ಎ’ಯೂ ಹೋಗುತ್ತದೆ. ಇರಲಿ.

“ಎರಡು. ಅಲ್ಲಜ್ಜೀ, ನಾಲ್ಕು!”

ಇವನನ್ನು ಅಳಿಲು ಮಾಡುವ ಚಪಲವಿತ್ತು. ನಿಕ್ ಪಾರ್ಕ್ 1989ರ ಕಿರುಚಿತ್ರ ‘ಕ್ರೀಚರ್ ಕಂಫರ್ಟ್ಸ್’ನಲ್ಲಿ ಬ್ರಿಟನ್ನಿನ ಜನಸಾಮಾನ್ಯರ ಮಾತನ್ನು ಪ್ಲಾಸ್ಟಿಸಿನ್ನಿನ ಮೃಗಾಲಯಕ್ಕೆ ಕೂಡಿಸಿದರು. ಬ್ರೆಜಿಲ್‌ನಿಂದ ಬಂದವನೊಬ್ಬ ಜಾಗ ಸಾಲದು, ಊಟ ರುಚಿಸದು ಅಂತ ಗೊಣಗಿದ್ದು ಬೋನಿನ ಪ್ಯೂಮಾದ ದೂರಾಯಿತು. ಅಲ್ಲಿ ಪ್ರಾಣಿಯ ವೇಷ ಮಾತಿಗೆ ಇನ್ನೊಂದು ಅರ್ಥ ಕೊಡುತ್ತದೆ. ನನ್ನ ಅಳಿಲಿಗೆ ಮುದ್ದು ಬಿಟ್ಟರೆ ಬೇರೆ ಕೆಲಸವಿಲ್ಲ. ಹುಡುಗ ಹುಡುಗನಾಗಿಯೇ ಉಳಿದ.

ಮುಗಿದ ಮೇಲೆ ಅಜ್ಜಿಗೆ ತೋರಿಸಿ, ಹೊರಗೆ ತೋರಿಸಬಹುದಾ ಅಂತ ಕೇಳಿದೆ. “ನನ್ ಗಂಟಲು ಇಷ್ಟು ಜೋರಾ? ತೋರ್ಸು, ಅದಕ್ಕೇನು,” ಅಂದಳು. ಸಿಪ್ಪೆ ಬಂದಾಗ ಮಾತ್ರ ಇನ್ನೊಂದು ಸಲ ಹಾಕು ಅಂದಳು. ಹಾಕಿದೆ. ತಾತ ಏನು ಮಾಡುತ್ತಿದ್ದರು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.