ಮೊದಲ ಪುಟದ ಯೋಗ್ಯತೆ

ಅಂತರ್ಜಾಲದಲ್ಲಿ ಹುಡುಕಿ ಓದುವುದನ್ನು ಒಂದು ವ್ಯಾಸಂಗವೆಂದೇ ಎಣಿಸಿ, ಅದರಲ್ಲಿ ದೊರೆಯುವ ಸಂತೋಷವನ್ನೂ ಎದುರಾಗುವ ಕ್ಲೇಶವನ್ನೂ ವಾರವಾರವೂ ಈ ಅಂಕಣದಲ್ಲಿ ನಿವೇದಿಸುತ್ತ ಬಂದಿರುವ ನನ್ನನ್ನು ಸ್ನೇಹಿತರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದುಂಟು. ಗೂಗಲ್ ಸಂಸ್ಥೆಯವರು ತಮ್ಮ ಶೋಧಯಂತ್ರವು ಪುಟಗಳ ಸ್ಥಾನವನ್ನು ನಿರ್ಣಯಿಸುವ ಕ್ರಮವನ್ನು ವರ್ಷಕ್ಕೆ ಹಲವು ಬಾರಿ ಪರಿಷ್ಕರಿಸಿ, ಸತ್ತ್ವವುಳ್ಳ ಬರಹ ಮೇಲೇರುವಂತೆಯೂ ಸ್ಪ್ಯಾಮ್ ಎನಿಸಿಕೊಂಡ ಕಸ ಕೆಳಗಿಳಿಯುವಂತೆಯೂ ಮಾಡಿದೆವೆಂದು ಪ್ರಕಟಿಸುತ್ತಾರಲ್ಲ, ಆ ಮಾತು ಎಷ್ಟರಮಟ್ಟಿಗೆ ನಿಜ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಸ ಕೆಳಗಿಳಿಯುವುದು ನಿಜ, ಕೆಲವು ತಿಂಗಳ ಮಟ್ಟಿಗಾದರೂ ನಿಜ, ಸತ್ತ್ವ ಮೇಲೇರುತ್ತದೆಯೆಂಬ ಎರಡನೆಯ ಮಾತು ಮಾತ್ರ ಮೊದಲನೆಯದರಿಂದ ತಾನಾಗಿ ಫಲಿಸತಕ್ಕದ್ದಲ್ಲ. ಯಂತ್ರಕ್ಕೆ ಅಳೆಯಲು ಸಿಕ್ಕುವುದು ಸತ್ತ್ವದ ಲಕ್ಷಣಗಳು ಮಾತ್ರ. ಆ ಲಕ್ಷಣಗಳನ್ನು ಕೃತಕವಾಗಿ ಧರಿಸಿಕೊಳ್ಳುವುದಕ್ಕೆ ಬೇಕಾದ ವ್ಯವಧಾನವೂ ದ್ರವ್ಯವೂ ಪ್ರಾಮಾಣಿಕ ಲೇಖಕನಿಗಿಂತ ಕಸದ ವ್ಯಾಪಾರಿಯಲ್ಲಿಯೇ ಹೆಚ್ಚಾಗಿರುತ್ತವೆ.

ಈ ಲಕ್ಷಣಗಳ ಕಥೆ ಉದಾತ್ತವಾದೊಂದು ಕಲ್ಪನೆಯಿಂದ ಆರಂಭವಾಯಿತೆಂಬುದನ್ನು ಮರೆಯಲಾಗದು. 1990ರ ದಶಕದ ಶೋಧಯಂತ್ರಗಳು, ಕೇಳಿದ ಪದ ಪುಟದಲ್ಲಿ ಎಷ್ಟು ಸಲ ಬಂದಿದೆಯೆಂಬುದಕ್ಕೆ ಬಹಳ ಬೆಲೆ ಕೊಡುತ್ತಿದ್ದುದರಿಂದ, ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಅದೇ ಪದವನ್ನು ನೂರಾರು ಬಾರಿ ಬರೆದು, ಓದುಗನಿಗೆ ಕಾಣದೆ ಯಂತ್ರಕ್ಕೆ ಮಾತ್ರ ಕಾಣುವಂತೆ ಇಡುವ ಕಪಟ ಬೇಗನೆ ಹಬ್ಬಿತ್ತು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧನ ವಿದ್ಯಾರ್ಥಿಗಳು, ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್, ವಿದ್ವತ್ಪ್ರಪಂಚದ ಹಳೆಯ ರೂಢಿಯೊಂದನ್ನು ಇಲ್ಲಿಗೆ ತಂದರು: ಒಂದು ಪ್ರಬಂಧವನ್ನು ಬೇರೆ ವಿದ್ವಾಂಸರು ಎಷ್ಟು ಕಡೆ ಉಲ್ಲೇಖಿಸಿದ್ದಾರೆ, ಉಲ್ಲೇಖಿಸಿದವರ ಗೌರವವೆಷ್ಟು ಎಂಬುದನ್ನು ನೋಡಿ ಅದರ ಯೋಗ್ಯತೆಯನ್ನು ಊಹಿಸುವಂತೆ, ಒಂದು ಪುಟಕ್ಕೆ ಇತರ ಪುಟಗಳು ಕೊಟ್ಟಿರುವ ಲಿಂಕುಗಳನ್ನು ಸಾಕ್ಷ್ಯವೆಂದು ಸ್ವೀಕರಿಸಿ, ಸಾಕ್ಷಿಯ ಘನತೆಗೆ ತಕ್ಕಂತೆ ಅದನ್ನು ತೂಗುವ ಕ್ರಮ. ಪೇಜ್‌ರ್ಯಾಂಕ್ ಎಂದು ಅದಕ್ಕೆ ಹೆಸರಾಯಿತು. ಜಾಹೀರಾತಿನ ಹಣದಿಂದ ಬಾಳುವ ಶೋಧಯಂತ್ರ ಓದುಗನ ಅಗತ್ಯವನ್ನು ಬಿಟ್ಟು ಜಾಹೀರಾತುದಾರನ ಕಡೆಗೆ ವಾಲುವುದು ಸ್ವಾಭಾವಿಕವೆಂದು ಅದೇ ವರ್ಷದ ತಮ್ಮ ಪ್ರಬಂಧದ ಅನುಬಂಧದಲ್ಲಿ ಆ ತರುಣರೇ ಬರೆದಿಟ್ಟಿದ್ದಾರೆ. ಮುಂದೆ ಅವರು ಕಟ್ಟಿದ ಸಂಸ್ಥೆ ಬಾಳಿದ್ದು ಅದೇ ಹಣದಿಂದ. ಆ ವಿಚಾರ ಹಾಗಿರಲಿ. ಲಿಂಕಿಗೆ ಮೌಲ್ಯ ಬಂದದ್ದೇ ತಡ, ಲಿಂಕು ಕ್ರಯವಿಕ್ರಯದ ಸರಕಾಯಿತು.

ಆ ಸರಕು ಎಂಥದೆಂಬುದನ್ನು ಕಣ್ಣಾರೆ ತೋರಿಸಿಕೊಟ್ಟ ಪ್ರಸಂಗವೊಂದು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಯಲಾಯಿತು. ಜೆ. ಸಿ. ಪೆನ್ನಿ ಎಂಬ ಅಮೆರಿಕದ ದೊಡ್ಡ ಅಂಗಡಿಸಂಸ್ಥೆ, ಹಿಂದಿನ ಹಬ್ಬದ ತಿಂಗಳುಗಳಲ್ಲಿ, ಉಡುಪು, ಹಾಸಿಗೆ, ನೆಲಗಂಬಳಿ ಏನನ್ನು ಹುಡುಕಿದರೂ ಗೂಗಲ್‌ನಲ್ಲಿ ಮೊದಲನೆಯದಾಗಿ ಬರುತ್ತಿತ್ತು. ಸ್ಯಾಮ್ಸನೈಟ್ ಕಂಪನಿಯ ಹೆಸರು ಹೇಳಿ ಅದರ ಪೆಟ್ಟಿಗೆಯನ್ನು ಹುಡುಕಿದರೆ ಆ ಕಂಪನಿಗಿಂತಲೂ ಮುಂದೆ ಪೆನ್ನಿಯೇ ನಿಲ್ಲುತ್ತಿತ್ತು. ಪತ್ರಿಕೆಯವರು ನಿಪುಣನೊಬ್ಬನಿಂದ ಪರೀಕ್ಷೆ ಮಾಡಿಸಿದಾಗ, ಇಂಥ ಪದಗಳನ್ನು ಹೊತ್ತು ಪೆನ್ನಿಯ ಕಡೆಗೆ ಬೆರಳು ತೋರಿಸುವ 2,015 ಪುಟಗಳು ಸಿಕ್ಕಿದವು. ಅವುಗಳಲ್ಲಿ ಜೂಜಿನ ತಾಣಗಳಿದ್ದವು, ಪರಮಾಣು ಎಂಜಿನಿಯರಿಂಗಿನ ಹೆಸರು ಹೊತ್ತ ತಾಣವೂ ಇತ್ತು. ಕಪ್ಪು ಉಡುಪಿಗೂ ಪರಮಾಣುವಿಗೂ ಏನು ಸಂಬಂಧವೆಂದು ಯಂತ್ರ ಕೇಳಿರಲಿಲ್ಲ. ತಮಗೆ ಇದೊಂದೂ ಗೊತ್ತಿಲ್ಲವೆಂದು ಪೆನ್ನಿಯವರು ಹೇಳಿ, ತಮ್ಮ ಸಲಹೆಗಾರರನ್ನು ಬಿಡಿಸಿದರು. ವಿಷಯ ಗೂಗಲ್‌ನವರ ಕಿವಿಗೆ ಬಿದ್ದ ಮೇಲೆ ಒಂದು ಸಂಜೆ ಏಳು ಗಂಟೆಗೆ ಮೊದಲ ಸ್ಥಾನದಲ್ಲಿದ್ದ ಆ ಪೆಟ್ಟಿಗೆಯ ಪುಟ, ಎರಡು ಗಂಟೆ ಕಳೆಯುವುದರೊಳಗೆ 71ನೆಯ ಸ್ಥಾನಕ್ಕೆ ಬಿತ್ತು. ಅದು ಯಂತ್ರ ತಾನಾಗಿ ಕಂಡುಹಿಡಿದು ಮಾಡಿದ ನ್ಯಾಯವಲ್ಲ, ಮನುಷ್ಯರು ತೋರಿಸಿಕೊಟ್ಟ ಮೇಲೆ ಮನುಷ್ಯರೇ ಕೈಯಾರೆ ವಿಧಿಸಿದ ದಂಡ. ಯಂತ್ರದ ಕಣ್ಣಿಗೂ ಬೀಳುವಂತೆ ಕೃತಕ ಲಿಂಕುಗಳನ್ನು ಹಿಡಿಯುವ ‘ಪೆಂಗ್ವಿನ್’ ಪರಿಷ್ಕಾರ ಬಂದದ್ದು ಮರುವರ್ಷದ ಏಪ್ರಿಲ್‌ನಲ್ಲಿ.

ಇಷ್ಟರಲ್ಲಿ ಕಸದ ಉತ್ಪಾದನೆ ಒಂದು ಕೈಗಾರಿಕೆಯಾಗಿ ಬೆಳೆದು ನಿಂತಿತ್ತು. ಇಹೌ ಎಂಬ ತಾಣವನ್ನು ನಡೆಸುತ್ತಿದ್ದ ಡಿಮ್ಯಾಂಡ್ ಮೀಡಿಯಾ ಕಂಪನಿಯವರು, ಜನ ಏನನ್ನು ಹುಡುಕುತ್ತಾರೆ, ಆ ಪದಕ್ಕೆ ಜಾಹೀರಾತಿನ ದರವೆಷ್ಟು, ಅದರ ಮೇಲೆ ಬರೆದ ಪುಟಗಳು ಎಷ್ಟಿವೆ ಎಂಬುದನ್ನು ಲೆಕ್ಕ ಹಾಕಿ ಶೀರ್ಷಿಕೆಗಳನ್ನು ಮೊದಲು ಯಂತ್ರದಿಂದ ತಯಾರಿಸಿ, ಆ ಶೀರ್ಷಿಕೆಗೆ ಒಂದು ಲೇಖನವನ್ನು ತುಂಬುವುದಕ್ಕೆ ಗುತ್ತಿಗೆ ಲೇಖಕರಿಗೆ ಸುಮಾರು 15 ಡಾಲರು ಕೊಡುತ್ತಿದ್ದರು. ಒಬ್ಬನಿಗೆ ಹೇಳಬೇಕಾದದ್ದೇನೋ ಇದೆ, ಆದ್ದರಿಂದ ಅವನು ಬರೆಯುತ್ತಾನೆ ಎಂಬ, ಬರವಣಿಗೆಯಷ್ಟೇ ಹಳೆಯದಾದ ಕ್ರಮ ಇಲ್ಲಿ ತಲೆಕೆಳಗಾಯಿತು. ಆ ಲೇಖಕರನ್ನು ನಾನು ದೂಷಿಸಲಾರೆ. ಹದಿನೈದು ಡಾಲರಿಗೆ ಎಷ್ಟು ಹೊತ್ತು ವಿಚಾರ ಮಾಡಬಹುದೋ ಅಷ್ಟು ಹೊತ್ತು ಅವರು ವಿಚಾರ ಮಾಡಿದರು. 2011ರ ಜನವರಿಯಲ್ಲಿ ಆ ಕಂಪನಿ ನ್ಯೂಯಾರ್ಕಿನ ಷೇರುಪೇಟೆಯನ್ನು ವೈಭವದಿಂದ ಪ್ರವೇಶಿಸಿತು.

ಮರುತಿಂಗಳು, ಫೆಬ್ರವರಿಯ ಕೊನೆಯ ವಾರದಲ್ಲಿ, ನವನೀತ್ ಪಂಡಾ ಎಂಬ ಎಂಜಿನಿಯರರ ಹೆಸರಿನಿಂದ ‘ಪಾಂಡಾ’ ಎಂದು ಪ್ರಸಿದ್ಧವಾದ ಪರಿಷ್ಕಾರ ಜಾರಿಗೆ ಬಂದು, ಅಮೆರಿಕದ ಪ್ರಶ್ನೆಗಳಲ್ಲಿ ಸುಮಾರು 12 ಶತಾಂಶದಷ್ಟರ ಫಲಿತಾಂಶವನ್ನು ಬದಲಾಯಿಸಿತು. ಶೋಧಯಂತ್ರಗಳ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಇದು. ಆಗ ಗೂಗಲ್‌ನ ಶೋಧವಿಭಾಗದ ಹಿರಿಯರಾಗಿದ್ದ ಅಮಿತ್ ಸಿಂಘಾಲರೂ ಸ್ಪ್ಯಾಮ್ ನಿಗ್ರಹದ ಹೊಣೆ ಹೊತ್ತಿದ್ದ ಮ್ಯಾಟ್ ಕಟ್ಸರೂ ಅದರ ರಹಸ್ಯವನ್ನು ಸ್ವಲ್ಪಮಟ್ಟಿಗೆ ವಿವರಿಸಿದ್ದಾರೆ: ಸಾಮಾನ್ಯ ಜನರ ಮುಂದೆ ತಾಣಗಳನ್ನಿಟ್ಟು, ಈ ತಾಣ ಸೂಚಿಸಿದ ಔಷಧವನ್ನು ನಿಮ್ಮ ಮಗುವಿಗೆ ಕೊಡುವಿರಾ, ನಿಮ್ಮ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಇದರ ಕೈಗೆ ಒಪ್ಪಿಸುವಿರಾ ಎಂಬಂಥ ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರಗಳನ್ನು ಆಧಾರವಾಗಿಟ್ಟುಕೊಂಡು, ನಂಬಿಕೆಗೆ ಪಾತ್ರವಾದ ತಾಣಗಳನ್ನೂ ಆಗದ ತಾಣಗಳನ್ನೂ ಬೇರ್ಪಡಿಸುವ ಲಕ್ಷಣಗಳಾವುವೆಂದು ಯಂತ್ರಕ್ಕೆ ಕಲಿಸಿದರು. ಪ್ರಶ್ನೆ ಎಷ್ಟು ಮಾನವೀಯವಾದದ್ದೆಂಬುದನ್ನು ಗಮನಿಸಬೇಕು. ನಾವು ಒಬ್ಬ ವೈದ್ಯನನ್ನು, ಒಬ್ಬ ಅಧ್ಯಾಪಕನನ್ನು ಆರಿಸಿಕೊಳ್ಳುವಾಗ ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆಯೇ ಅದು. ಇಹೌ ಮೊದಲ ಪೆಟ್ಟಿನಿಂದ ಪಾರಾಯಿತಾದರೂ ಏಪ್ರಿಲ್‌ನ ಎರಡನೆಯ ಪರಿಷ್ಕಾರದಲ್ಲಿ ನೆಲಕ್ಕಿಳಿಯಿತು. ಅದರ ಒಡೆಯರಾದ ಕಂಪನಿ ಆ ಹಿಂದಿನ ಉಚ್ಛ್ರಾಯವನ್ನು ಮತ್ತೆ ಕಾಣಲಿಲ್ಲ. ಪರಿಷ್ಕಾರಗಳಿಂದ ಏನೂ ಪ್ರಯೋಜನವಿಲ್ಲವೆನ್ನುವವರು ಈ ಉದಾಹರಣೆಯನ್ನು ಮರೆಯುತ್ತಾರೆ.

ಆದರೆ ಪ್ರಶ್ನೆ ಮಾನವೀಯವಾದದ್ದಾದರೂ, ಅದರ ಉತ್ತರ ಲಕ್ಷಣಗಳ ಲೆಕ್ಕವಾಗಿ ಮಾರ್ಪಟ್ಟ ಮೇಲೆ ಮೊರದ ಧರ್ಮವೇ ಯಂತ್ರದ ಧರ್ಮವಾಯಿತು: ಕೇರಿದಾಗ ಹೊಟ್ಟು ಹಾರಿಹೋಗುವುದು ದಿಟ, ಜೊತೆಗೆ ಹಗುರವಾದ ನುಚ್ಚೂ ಹಾರಿಹೋಗುತ್ತದೆ, ಅಕ್ಕಿಯ ತೂಕದ ಬೆಣಚುಕಲ್ಲು ಉಳಿದುಬಿಡುತ್ತದೆ. ಹೆಸರಾಂತ ಪತ್ರಿಕೆ, ಸಾವಿರಾರು ಲಿಂಕುಗಳು, ಬಹುಕಾಲದ ಪರಿಚಯ, ಇವು ನಂಬಿಕೆಯ ಲಕ್ಷಣಗಳೆಂದು ಯಂತ್ರ ಬಲವಾಗಿ ನಂಬಿದಷ್ಟೂ, ಆ ಹೆಸರನ್ನು ಬಾಡಿಗೆಗೆ ಕೊಡುವುದು ಹೆಸರುಳ್ಳವರಿಗೆ ಲಾಭದ ಮಾರ್ಗವಾಯಿತು.

ಹೌಸ್‌ಫ್ರೆಶ್ ಎಂಬ ಸಣ್ಣ ತಾಣದ ಅನುಭವ ಇದಕ್ಕೆ ನಿದರ್ಶನ. ಮನೆಯ ಗಾಳಿಯನ್ನು ಶುದ್ಧಿ ಮಾಡುವ ಯಂತ್ರಗಳನ್ನು ಪರೀಕ್ಷಿಸಿ ಬರೆಯುವುದು ಅವರ ಕೆಲಸ. ಪರೀಕ್ಷೆಯೆಂದರೆ ಕಂಪನಿಯ ಕರಪತ್ರವನ್ನು ಓದಿ ಸಾರಾಂಶ ಬರೆಯುವುದಲ್ಲ: ಒಂದು ಕೋಣೆಯಲ್ಲಿ ಊದುಬತ್ತಿ ಹಚ್ಚಿ, ಹೊಗೆಯ ಕಣಗಳ ಪ್ರಮಾಣವನ್ನು ಮಾಪಕದಲ್ಲಿ ನೋಡಿಕೊಂಡು, ಯಂತ್ರವನ್ನು ನಡೆಸಿ, ಗಾಳಿ ತಿಳಿಯಾಗುವುದಕ್ಕೆ ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡುವುದು. ನಮ್ಮ ದೇವರ ಮನೆಯ ಊದುಬತ್ತಿ ಅಲ್ಲಿ ಪ್ರಯೋಗದ ಅಳತೆಗೋಲಾಗಿರುವುದನ್ನು ಓದಿ ನನಗೆ ಬಹಳ ಹಿತವೆನಿಸಿತು. 2024ರ ಫೆಬ್ರವರಿಯಲ್ಲಿ ಆ ತಾಣದ ಸಂಪಾದಕಿ ಜಿಸೆಲ್ ನವಾರೋ, ತಮ್ಮಂಥವರ ಪುಟಗಳನ್ನು ಕೆಳಕ್ಕೆ ತಳ್ಳಿ, ಯಾವ ಪರೀಕ್ಷೆಯ ದಾಖಲೆಯನ್ನೂ ತೋರಿಸದ ದೊಡ್ಡ ಪ್ರಕಾಶನಸಂಸ್ಥೆಗಳ ‘ಅತ್ಯುತ್ತಮ ಹತ್ತು’ ಪಟ್ಟಿಗಳು ಮೇಲೆ ಕುಳಿತಿರುವುದನ್ನು ವಿವರವಾಗಿ ಬರೆದರು. ದಿವಾಳಿಯ ಅರ್ಜಿ ಹಾಕಿಕೊಂಡಿದ್ದ ಕಂಪನಿಯ ಯಂತ್ರವನ್ನೂ ಅಂಥ ಪಟ್ಟಿಗಳು ಕೊಳ್ಳಿರೆಂದು ಹೇಳುತ್ತಿದ್ದವು, ಏಕೆಂದರೆ ಕೊಂಡವರ ಹಣದಲ್ಲಿ ಕಮಿಷನ್ ಇತ್ತು. ಗೂಗಲ್‌ನಿಂದ ತಮ್ಮಲ್ಲಿಗೆ ಬರುತ್ತಿದ್ದವರ ಸಂಖ್ಯೆ ದಿನಕ್ಕೆ ಸುಮಾರು 4,000ದಿಂದ 200ಕ್ಕೆ ಇಳಿಯಿತೆಂದು ಅದೇ ಮೇ ತಿಂಗಳಲ್ಲಿ ಅವರು ತಿಳಿಸಿದರು. ಈ ಇಳಿತ ನಡೆದ ಕಾಲ, ಜನೋಪಯುಕ್ತ ಬರಹವನ್ನು ಪುರಸ್ಕರಿಸುವುದೆಂದು ಹೆಸರಿಟ್ಟ 2023ರ ಸೆಪ್ಟೆಂಬರಿನ ಪರಿಷ್ಕಾರದ ನಂತರದ ಕಾಲ ಎಂಬುದೇ ನನಗೆ ವ್ಯಥೆಯನ್ನುಂಟುಮಾಡುವ ಅಂಶ.

ಗೂಗಲ್‌ನವರೂ ಸುಮ್ಮನೆ ಕೂಡಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. 2024ರ ಮಾರ್ಚಿನಲ್ಲಿ ಅವರು, ಪುಟಗಳನ್ನು ರಾಶಿರಾಶಿಯಾಗಿ ತಯಾರಿಸುವುದನ್ನೂ, ಅವಧಿ ಮುಗಿದ ಹಳೆಯ ತಾಣಗಳ ಹೆಸರು ಕೊಂಡು ಅದರ ಕೀರ್ತಿಯನ್ನು ದುರುಪಯೋಗಪಡಿಸುವುದನ್ನೂ, ದೊಡ್ಡ ತಾಣಗಳು ತಮ್ಮ ಹೆಸರಿನ ನೆರಳಿನಲ್ಲಿ ಅನ್ಯರ ಸರಕನ್ನು ಇಡುವುದನ್ನೂ ಸ್ಪ್ಯಾಮೆಂದು ಘೋಷಿಸಿ, ನಿಸ್ಸಾರವಾದ ಪುಟಗಳು ಫಲಿತಾಂಶಗಳಲ್ಲಿ 45 ಶತಾಂಶ ಕಡಿಮೆಯಾದುವೆಂದು ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಈ ಲೆಕ್ಕ ಅವರದೇ, ಅಳೆದವರೂ ಅವರೇ.

ಹೊರಗಿನವರು ಮಾಡಿದ ಅಳತೆಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಜರ್ಮನಿಯ ಲೈಪ್ಜಿಗ್ ಮತ್ತು ವೈಮಾರ್ ನಗರಗಳ ವಿದ್ವಾಂಸರು, ಸರಕುಗಳ ವಿಮರ್ಶೆಯನ್ನು ಕೇಳುವ 7,392 ಪ್ರಶ್ನೆಗಳನ್ನು ಆರಿಸಿ, ಗೂಗಲ್, ಬಿಂಗ್, ಡಕ್‌ಡಕ್‌ಗೋ ಎಂಬ ಮೂರು ಯಂತ್ರಗಳ ಮುಂದೆ ಒಂದು ವರ್ಷ ಕಾಲ ಇಟ್ಟು, ಬಂದ ಉತ್ತರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಕಮಿಷನ್ನಿನ ಲಿಂಕುಗಳನ್ನಿಟ್ಟುಕೊಂಡ ವಿಮರ್ಶೆಗಳು ಒಟ್ಟು ಜಾಲದಲ್ಲಿ ಸ್ವಲ್ಪವೇ ಇದ್ದರೂ ಫಲಿತಾಂಶದ ಮೇಲ್ಭಾಗದಲ್ಲಿ ಅವುಗಳದೇ ಬಾಹುಳ್ಯ; ಮತ್ತು ಸ್ಥಾನ ಮೇಲಾದಂತೆ ಬರಹದ ಗುಣ ಇಳಿಮುಖವಾಗುವ ಚಿಹ್ನೆಗಳು ಕಾಣುತ್ತವೆ. ಪರಿಷ್ಕಾರಗಳಿಂದ ಒಳ್ಳೆಯದಾಗುತ್ತದೆ, ಆದರೆ ಆ ಒಳಿತು ಅಲ್ಪಕಾಲದ್ದು ಎಂದೂ ಅವರು ಕಂಡಿದ್ದಾರೆ. ನಾನು ಮೊದಲಿಗೆ ಹೇಳಿದ ಅಭಿಪ್ರಾಯಕ್ಕೆ ಇದಕ್ಕಿಂತ ದೃಢವಾದ ಆಧಾರ ನನಗೆ ತಿಳಿದಿಲ್ಲ.

ಇದೆಲ್ಲ ಇಂಗ್ಲಿಷಿನ ಪ್ರಪಂಚದ ಮಾತಾಯಿತು. ಕನ್ನಡಿಗರಿಗೆ ಈ ವಿಷಯ ತಟ್ಟಿದ ದಿನವೊಂದು ಎಲ್ಲರಿಗೂ ನೆನಪಿದೆ. 2021ರ ಜೂನ್ ಆರಂಭದಲ್ಲಿ, ಭಾರತದ ಅತಿ ಕುರೂಪವಾದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಮೇಲ್ಭಾಗದ ಚೌಕದಲ್ಲಿ ಕನ್ನಡದ ಹೆಸರನ್ನು ಉತ್ತರವಾಗಿ ತೋರಿಸಿತು. ನಾಡೆಲ್ಲ ಕೆರಳಿತು, ಸರ್ಕಾರ ಕಾನೂನಿನ ಮಾತಾಡಿತು, ಸಂಸ್ಥೆ ಕ್ಷಮೆ ಕೇಳಿ ಉತ್ತರವನ್ನು ತೆಗೆಯಿತು. ನಾವು ನೊಂದುಕೊಂಡೆವು, ಅದು ಸರಿಯಾದದ್ದೇ; ಆದರೆ ಆ ಉತ್ತರ ಬಂದದ್ದು ಸಾಲ ತೀರಿಸುವ ವ್ಯವಹಾರದ ಹೆಸರಿಟ್ಟುಕೊಂಡ ಯಾವುದೋ ತಾಣದಿಂದ ಎಂಬ ಅಂಶವನ್ನು ನಾವು ಸಾಕಷ್ಟು ವಿಚಾರಿಸಲಿಲ್ಲ. ಅಂಥ ಪ್ರಶ್ನೆಗೆ ಭಾಷಾವಿದ್ವಾಂಸನಾರೂ ಉತ್ತರ ಬರೆಯುವುದಿಲ್ಲ. ಬರೆಯತಕ್ಕವರು ಪ್ರಶ್ನೆಗಳನ್ನು ನೋಡಿ ಪುಟ ತಯಾರಿಸುವವರು ಮಾತ್ರ. ಸತ್ಪುರುಷರು ಹೆಜ್ಜೆಯಿಡದ ಕ್ಷೇತ್ರದಲ್ಲಿ ಎಂಥ ಶ್ರೇಷ್ಠವಾದ ಶ್ರೇಯಾಂಕಕ್ರಮವೂ, ಇದ್ದ ಕಸದಲ್ಲಿಯೇ ಒಂದನ್ನು ಆರಿಸಿ ಸಿಂಹಾಸನಕ್ಕೇರಿಸುತ್ತದೆ.

ಕನ್ನಡದಲ್ಲಿ ಅಂಥ ಬರಿದಾದ ಕ್ಷೇತ್ರಗಳು ಹೇರಳವಾಗಿವೆಯೆಂಬುದೇ ನನ್ನ ಚಿಂತೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣವನ್ನೇ ತೆಗೆದುಕೊಳ್ಳೋಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಪ್ರಮಾಣವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಯಂತ್ರಾನುವಾದದ ಪುಟವೂ ಅಷ್ಟನ್ನು ಹೇಳೀತು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕೇ ಹೊರತು ಸುಣ್ಣದ ನೀರನ್ನು ಮೈಲುತುತ್ತದ ನೀರಿಗಲ್ಲ ಎಂದು, ಕಬ್ಬಿಣದ ಪಾತ್ರೆ ಕೂಡದೆಂದು, ಕೊನೆಗೆ ಉಜ್ಜಿದ ಚಾಕುವಿನ ಅಲಗನ್ನು ಅದರಲ್ಲಿ ಅದ್ದಿ, ಕೆಂಬಣ್ಣದ ಲೇಪ ಕಟ್ಟಿದರೆ ಇನ್ನಷ್ಟು ಸುಣ್ಣ ಸೇರಿಸಬೇಕೆಂದು ಬರೆಯುವುದು ಕೈಯಾರೆ ಮಾಡಿದವನಿಗೆ, ಇಲ್ಲವೆ ಮಾಡಿದವರ ಪಕ್ಕದಲ್ಲಿ ನಿಂತು ನೋಡಿದವನಿಗೆ ತೋಚುವ ಮಾತು. ನಾನು ಕನ್ನಡದ ಪುಟಗಳನ್ನು ಪರೀಕ್ಷಿಸುವಾಗ ಮೊದಲು ಹುಡುಕುವುದು ಆ ಚಾಕುವನ್ನು. ಅದು ಸಿಕ್ಕಿದ ಪುಟ ಎಷ್ಟನೆಯ ಸ್ಥಾನದಲ್ಲಿದ್ದರೂ ಅದನ್ನು ಗುರುತು ಹಾಕಿಟ್ಟುಕೊಳ್ಳುತ್ತೇನೆ, ಪರಿಚಯದವರಿಗೆ ಕಳಿಸುತ್ತೇನೆ.

ಒಬ್ಬನ ಗುರುತಿನಿಂದ ಆಗುವುದು ಅಲ್ಪ. ಲೈಪ್ಜಿಗ್‌ನವರು ಮಾಡಿದ ಬಗೆಯ ಅಳತೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳ ಕಂಪ್ಯೂಟರ್ ವಿಭಾಗದವರೂ ಕನ್ನಡ ವಿಭಾಗದವರೂ ಕೂಡಿ ಕನ್ನಡದ ಪ್ರಶ್ನೆಗಳಿಗೆ ಮಾಡಬೇಕು. ಹಾವು ಕಚ್ಚಿದಾಗ ಮೊದಲು ಏನು ಮಾಡಬೇಕು, ಮಗುವಿನ ಜ್ವರ ಎಷ್ಟಾದರೆ ಆಸ್ಪತ್ರೆಗೆ ಹೋಗಬೇಕು, ಪಹಣಿಯಲ್ಲಿ ತಪ್ಪಿದ ಹೆಸರನ್ನು ತಿದ್ದಿಸುವುದು ಹೇಗೆ, ಅಡಿಕೆಗೆ ಮದ್ದು ಹೊಡೆಯುವುದು ಯಾವಾಗ ಎಂಬಂಥ ಕೆಲವು ಸಾವಿರ ಪ್ರಶ್ನೆಗಳನ್ನು ಜನರ ಬಾಯಿಂದಲೇ ಸಂಗ್ರಹಿಸಿ, ಪ್ರತಿ ತಿಂಗಳೂ ಮೊದಲ ಪುಟದಲ್ಲಿ ಬಂದದ್ದೇನೆಂದು ದಾಖಲಿಸಿ, ವೈದ್ಯರಿಂದಲೂ ಕೃಷಿಕರಿಂದಲೂ ಕಂದಾಯ ಬಲ್ಲವರಿಂದಲೂ ಅದರ ಯೋಗ್ಯತೆಯನ್ನು ನಿರ್ಣಯಿಸಿ, ಎಲ್ಲರೂ ನೋಡುವಂತೆ ಪ್ರಕಟಿಸಿದರೆ, ಮುಂದಿನ ಪರಿಷ್ಕಾರ ಬಂದಾಗ ಕನ್ನಡಕ್ಕೆ ಅದರಿಂದ ಏನಾಯಿತೆಂಬ ಪ್ರಶ್ನೆಗೆ ಗೂಗಲ್‌ನವರ ಪ್ರಕಟಣೆಯನ್ನು ಕಾಯದೆ ನಾವೇ ಉತ್ತರ ಹೇಳಬಹುದು; ಯಾವ ಪ್ರಶ್ನೆಗೆ ಒಳ್ಳೆಯ ಪುಟವೇ ಇಲ್ಲವೋ ಆ ಪುಟವನ್ನು ಬರೆಯತಕ್ಕವರನ್ನು ಹುಡುಕಿ ಬರೆಸುವುದಕ್ಕೂ ಆ ಪಟ್ಟಿ ಒದಗುವುದು.