ಬಾದಶಹನ ಹಾಡು, ಬೀಸುಕಲ್ಲಿನ ಪದ

ಆದಿಲಶಾಹಿ ಬಿಜಾಪುರದ ಸೌಹಾರ್ದದ ಮಾತು ಬಂದರೆ ನಮ್ಮ ಸಭೆಗಳಲ್ಲಿ ಮೊದಲು ಕೇಳಿಬರುವ ಹೆಸರು ಎರಡನೇ ಇಬ್ರಾಹಿಂ ಆದಿಲ್‌ಶಾಹನದು. 1580ರಿಂದ 1627ರವರೆಗೆ ಆಳಿದ ಈತ ‘ಕಿತಾಬ್-ಎ-ನೌರಸ್’ನ ದಖನಿ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಕಲಬುರಗಿಯ ಬಂದೇನವಾಜರನ್ನೂ ಸ್ತುತಿಸಿದ, ಜಗದ್ಗುರು ಅನ್ನಿಸಿಕೊಂಡ. ಇದೆಲ್ಲ ನಿಜ. ಆದರೆ ಒಬ್ಬ ಬಾದಶಹನ ಅಭಿರುಚಿಯನ್ನೇ ಇಡೀ ಸಮಾಜದ ಚರಿತ್ರೆ ಅಂತ ಓದಿಬಿಟ್ಟರೆ, ಆತ ತೀರಿಹೋದ ಮೇಲೆ ಏನುಳಿಯಿತು ಅನ್ನೋ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರೋದಿಲ್ಲ.

ಆ ಉತ್ತರ ಹುಡುಕಲು ಅರಮನೆಯಿಂದ ಮನೆಯೊಳಗಿನ ಬೀಸುಕಲ್ಲಿನ ಕಡೆ ಬರಬೇಕು. ಅದೇ ಬಿಜಾಪುರದಲ್ಲಿ ಮೀರಾಂಜಿ ಶಮ್ಸುಲ್ ಉಷ್ಶಾಖ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ ಅವರ ಚಿಶ್ತಿ ಪರಂಪರೆ ಜನರಾಡುವ ಮಾತಿನಲ್ಲಿ ಬರೆಯಿತು. ಇಂಥ ಸೂಫಿ ವಲಯದಿಂದ ಹುಟ್ಟಿದ್ದು ಚಕ್ಕಿನಾಮಾ ಮತ್ತು ಚರಖಾನಾಮಾ: ಹಿಟ್ಟು ಬೀಸುವಾಗ, ನೂಲು ತೆಗೆಯುವಾಗ ಹೆಂಗಸರು ಹಾಡುವ ಪದಗಳು. ಚರಿತ್ರಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಪುಸ್ತಕದಲ್ಲಿ ಇವುಗಳ ಮಹತ್ವವನ್ನು ತೋರಿಸಿಕೊಟ್ಟರು.

ಈ ಪದಗಳ ಶಕ್ತಿ ಇರೋದು ಅವುಗಳ ಉಪಮೆಯಲ್ಲಿ. ಬೀಸುಕಲ್ಲಿನ ಹಿಡಿ ನೆಟ್ಟಗೆ ನಿಂತ ಅಲಿಫ್, ಅಂದರೆ ಅಲ್ಲಾಹನ ಹೆಸರಿನ ಮೊದಲಕ್ಷರ. ಕಲ್ಲು ತಿರುಗುವ ಲಯವೇ ಜಿಕ್ರ್. ಹಾಡುವವಳು ಕೆಲಸ ಬಿಟ್ಟು ಖಾನ್ಖಾಗೆ ಹೋಗಬೇಕಿಲ್ಲ. ರೊಟ್ಟಿಯ ಹಿಟ್ಟಿನ ಜೊತೆಗೇ ನಂಬಿಕೆಯೂ ಸಣ್ಣಗಾಗುತ್ತಾ ಮನೆಗೆ ಇಳಿಯುತ್ತದೆ. ಆ ಪದ ಕೇಳುತ್ತಾ ಬೆಳೆದ ಮಗುವಿಗೆ ಅದೇ ಮೊದಲ ಪಾಠ. ‘ಮತಾಂತರ’ ಅಂದಕೂಡಲೇ ಕತ್ತಿಯನ್ನೋ, ಒಂದೇ ದಿನದ ನಿರ್ಧಾರವನ್ನೋ ಕಲ್ಪಿಸಿಕೊಳ್ಳುವವರಿಗೆ ತಲೆಮಾರುಗಳ ಈ ನಿಧಾನದ ಬದಲಾವಣೆ ಕಾಣೋದೇ ಇಲ್ಲ.

ಹಾಗಂತ ಇದನ್ನು ‘ಮಹಿಳಾ ಸಾಹಿತ್ಯ’ ಅಂತ ಅವಸರದಲ್ಲಿ ಕರೆಯುವುದೂ ತಪ್ಪು. ಹಸ್ತಪ್ರತಿಗಳಲ್ಲಿ ಉಳಿದಿರೋದು ಸೂಫಿ ಗಂಡಸರ ಹೆಸರು. ಬೀಸುತ್ತಾ ಹಾಡಿದವರು ಯಾವ ಸಾಲು ಬಿಟ್ಟರು, ಯಾವುದನ್ನು ಸೇರಿಸಿದರು ಅನ್ನೋದನ್ನು ಬರೆದಿಡುವ ಗೋಜಿಗೆ ಯಾರೂ ಹೋಗಲಿಲ್ಲ. ದನಿ ಹೆಣ್ಣಿನದು, ಅಂಕಿತ ಗಂಡಿನದು. ಈ ಬಿರುಕನ್ನು ಮುಚ್ಚಿಟ್ಟು ಬರೀ ಹೊಗಳಿದರೆ ಅದು ವಿಮರ್ಶೆ ಆಗೋದಿಲ್ಲ.

ಇನ್ನೊಂದು ಮಾತು. ಉರ್ದು ಸಾಹಿತ್ಯ ಚರಿತ್ರೆಗೆ ದಖನಿ ಅಂದರೆ ಉರ್ದುವಿನ ಬಾಲ್ಯ. ಕನ್ನಡ ಸಾಹಿತ್ಯ ಚರಿತ್ರೆಗೆ ಅದು ಹೊರಗಿನದು. ಹೈದರಾಬಾದು, ಪುಣೆ, ಮುಂಬೈಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲೇ ಅದನ್ನು ‘ಕೆಟ್ಟ ಉರ್ದು’ ಅಂತ ಮಕ್ಕಳ ಬಾಯಿಂದ ತಿದ್ದಿ ತೆಗೆಯೋದುಂಟು. ನಾಲ್ಕು ಶತಮಾನದ ನೆನಪು ಹೀಗೆ ನಮ್ಮ ಕೈಯಿಂದಲೇ ಅಳಿಯುತ್ತದೆ.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಚಕ್ಕಿನಾಮಾವನ್ನು ಉತ್ತರ ಕರ್ನಾಟಕದ ಬೀಸುವ ಪದದ ಪಕ್ಕದಲ್ಲಿ, ಮರಾಠಿ ಹೆಂಗಸರ ಓವಿಯ ಪಕ್ಕದಲ್ಲಿ ಇಟ್ಟು ಓದಿ. ದೇವರ ಹೆಸರು ಎಲ್ಲಿ ಬದಲಾಗುತ್ತದೆ, ಕಲ್ಲಿನ ಲಯ ಎಲ್ಲಿ ಒಂದೇ ಆಗಿ ಉಳಿಯುತ್ತದೆ ನೋಡಿ. ಮನೆಯಲ್ಲಿ ಹಾಡಬಲ್ಲ ನಾನಿಮಾ, ದಾದಿಮಾ ಇದ್ದರೆ ಮೊದಲು ಅವರನ್ನೇ ಕೇಳಿ, ಬರೆದಿಟ್ಟುಕೊಳ್ಳಿ. ಈ ಸಲ ಅವರ ಹೆಸರಿನ ಸಮೇತ.