‘ಯಾಕೆ?’ ಎನ್ನುವ ಕಾಲಂ ಮತ್ತು ‘ಶರಪಂಜರ’ದ ಕಾವೇರಿ



ಹೋದ ತಿಂಗಳ ನಮ್ಮ ಬೈಠಕ್‌ನಲ್ಲಿ ತ್ರಿವೇಣಿಯವರ ‘ಶರಪಂಜರ’ದ ಬಗ್ಗೆ ಮಾತಾಡಬೇಕಾಗಿದ್ದವನು ನಾನು. ಅಲ್ ಬರ್ಷಾದ ನಮ್ಮ ಮನೆಯಲ್ಲೇ ಸೇರಿದ್ದೆವು. (2022ರಲ್ಲಿ ಇಲ್ಲಿಯ ವಾರದ ರಜೆ ಬದಲಾದ ಮೇಲೆ ನಮ್ಮ ಶುಕ್ರವಾರದ ಬೈಠಕ್ ಭಾನುವಾರಕ್ಕೆ ಹೋಯಿತು. ಆದರೂ ಒಬ್ಬಿಬ್ಬರು ಈಗಲೂ ಶುಕ್ರವಾರ ಫೋನ್ ಮಾಡಿ “ಇವತ್ತಲ್ವಾ?” ಎಂದು ಕೇಳುತ್ತಾರೆ!) ಉಪ್ಪಿಟ್ಟು-ಕೇಸರಿಬಾತ್ ಮುಗಿಯುವಷ್ಟರಲ್ಲಿ ಮಾತು ಕಲ್ಪನಾ ಅವರ ಅಭಿನಯ, ಪುಟ್ಟಣ್ಣನವರ ಕ್ಯಾಮೆರಾ, ಸಿನಿಮಾದ ಹಾಡುಗಳು ಎಂದು ಹೊರಳಿಕೊಂಡಿತು. ಕಾದಂಬರಿ ಅಲ್ಲೇ ಉಳಿಯಿತು. ನಿಜ ಹೇಳಬೇಕೆಂದರೆ ನಾನು ಹೇಳಬೇಕೆಂದುಕೊಂಡಿದ್ದನ್ನು ಎಲ್ಲರೆದುರು ಹೇಳುವ ಧೈರ್ಯ ಅವತ್ತು ನನಗಿರಲಿಲ್ಲ. “ಹಾಗಾದರೆ ಬರೆದು ಕಳಿಸಿ” ಎಂದು ಸಂಪಾದಕರು ಬೆನ್ನು ಹತ್ತಿದ್ದರಿಂದ ಈ ಬರಹ.

ವಿಷಯ ಶುರುವಾದದ್ದು ಸಾಹಿತ್ಯದಿಂದಲ್ಲ, ಒಂದು ಅರ್ಜಿಯಿಂದ. ಹನ್ನೆರಡನೇ ಕ್ಲಾಸಿನಲ್ಲಿರುವ ನನ್ನ ಮಗಳಿಗೆ ಸೈಕಾಲಜಿ ಓದಬೇಕು. ಬ್ರಿಟನ್ನಿನ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕುವಾಗ ಮೊದಲೆಲ್ಲ ಒಂದು ಉದ್ದನೆಯ ಸ್ವಪರಿಚಯದ ಪ್ರಬಂಧ ಬರೆಯಬೇಕಿತ್ತು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಮೂರಕ್ಕೂ ಸೇರಿ 4000 ಅಕ್ಷರ, ಸ್ಪೇಸ್‌ಗಳನ್ನೂ ಎಣಿಸಿ. ಮೊದಲನೇ ಪ್ರಶ್ನೆಯೇ: ಈ ವಿಷಯವನ್ನು ಯಾಕೆ ಓದಬೇಕೆಂದಿದ್ದೀರಿ?

ನಾನು ಸಿಇಟಿ ಬರೆದ ಕಾಲದಲ್ಲಿ ಫಾರಮ್ಮಿನಲ್ಲಿ ಈ ಕಾಲಂ ಇರಲೇ ಇಲ್ಲ. ಎರಡೂ ಬಾಗಿಲು ತೆರೆದಿರಲಿ ಎಂದು ಪಿಯುಸಿಯಲ್ಲಿ ಗಣಿತ, ಬಯಾಲಜಿ ಎರಡನ್ನೂ ಓದಿಸಿದರು. ಮೆಡಿಕಲ್ ಸೀಟು ಸಿಗಲಿಲ್ಲ, ಕಂಪ್ಯೂಟರ್ ಸೀಟು ಸಿಕ್ಕಿತು, ತೆಗೆದುಕೊಂಡೆ. ಸಿಕ್ಕಿದ್ದರೆ ಇವತ್ತು ನಾನು ಡಾಕ್ಟರ್! ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಕರಾವಳಿಯವರಿಗಂತೂ ಮಣಿಪಾಲದಲ್ಲಿ 1953ರಿಂದಲೇ ಮೆಡಿಕಲ್ ಕಾಲೇಜಿದೆ. ಕೊಲ್ಲಿಗೆ ಬಂದ ಮೇಲೂ ಆ ದಾರಿ ತಪ್ಪಲಿಲ್ಲ. ಮಂಗಳೂರಿನ ತುಂಬೆ ಮೊಯಿದೀನ್ ಅವರು 1998ರಲ್ಲಿ ಅಜ್ಮಾನ್‌ನಲ್ಲಿ ವೈದ್ಯಕೀಯ ಕಾಲೇಜು ತೆರೆದರು. ಹೀಗೆ ಸೀಟಿನ ಲೆಕ್ಕ, ಫೀಸಿನ ಲೆಕ್ಕ ನಮಗೆಲ್ಲ ಬಾಯಿಪಾಠ. ಆದರೆ ‘ಯಾಕೆ’ ಎನ್ನುವ ಲೆಕ್ಕ ಬಂದಾಗ ತಡವರಿಸುತ್ತೇವೆ. “ಜನಸೇವೆ ಮಾಡಬೇಕೆಂದು” ಎನ್ನುವ ರೆಡಿಮೇಡ್ ಉತ್ತರವನ್ನು ಅಂಟಿಸಿಬಿಡುತ್ತೇವೆ.

ಮಗಳು ಅದನ್ನು ಅಂಟಿಸಲಿಲ್ಲ. ಅವಳ ಮೊದಲ ವಾಕ್ಯ ಹೀಗಿತ್ತು: ಹೆರಿಗೆಯಾದ ಮೇಲೆ ನನ್ನ ಚಿಕ್ಕಜ್ಜಿಗೆ ಮನಸ್ಸಿನ ಕಾಯಿಲೆ ಬಂದಿತ್ತು, ನಮ್ಮ ಮನೆಯಲ್ಲಿ ಯಾರೂ ಆ ಬಗ್ಗೆ ಮಾತಾಡುವುದಿಲ್ಲ.

ಓದಿ ನನ್ನ ಕೈ ತಣ್ಣಗಾಯಿತು. “ಇದೊಂದು ಲೈನ್ ತೆಗೆದುಬಿಡು ಪುಟ್ಟಾ” ಎಂದೆ. “ಯಾಕಪ್ಪಾ?” ಎಂದಳು. ನೋಡಿ, ಮತ್ತೆ ಅದೇ ಕಾಲಂ! ನನ್ನ ಹತ್ತಿರ ಉತ್ತರವಿರಲಿಲ್ಲ. ಬೈಠಕ್‌ಗಾಗಿ ಮೇಜಿನ ಮೇಲೆ ‘ಶರಪಂಜರ’ ಇತ್ತು. ಆ ರಾತ್ರಿ ಅದನ್ನು ಕೈಗೆತ್ತಿಕೊಂಡಾಗ ನಾನು ಬರೀ ಓದುಗನಾಗಿರಲಿಲ್ಲ, ಒಬ್ಬ ಆರೋಪಿಯೂ ಆಗಿದ್ದೆ.

ತ್ರಿವೇಣಿ (1928-1963) ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಮಾಡಿದವರು. ಅಲ್ಲಿಯ ಮನಶ್ಶಾಸ್ತ್ರ ವಿಭಾಗ 1924ರಷ್ಟು ಹಳೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನೂ ಶುರುಮಾಡಿದವರು. ಆ ಕಾಲೇಜಿನಿಂದ ಹೊರಬಂದ ತ್ರಿವೇಣಿಯವರು ಮನೋವೈದ್ಯೆಯಾಗಲಿಲ್ಲ, ಕಾದಂಬರಿಕಾರ್ತಿಯಾದರು. ‘ಬೆಕ್ಕಿನ ಕಣ್ಣು’, ‘ಶರಪಂಜರ’ದಂಥ ಕೃತಿಗಳಲ್ಲಿ ತಾವು ಓದಿದ್ದನ್ನು ಅಡುಗೆಮನೆ, ಬಾಣಂತಿಕೋಣೆಗಳೊಳಕ್ಕೆ ತಂದರು. (‘ಬೆಕ್ಕಿನ ಕಣ್ಣು’ ಮಲಯಾಳಂನಲ್ಲಿ ‘ಪೂಚ್ಚಕ್ಕಣ್ಣಿ’ ಎಂದು 1966ರಲ್ಲಿ ಸಿನಿಮಾ ಆಯಿತು, ಅದನ್ನು ನಿರ್ದೇಶಿಸಿದವರೂ ನಮ್ಮ ಪುಟ್ಟಣ್ಣನವರೇ. ಆಫೀಸಿನ ಮಲಯಾಳಿ ಗೆಳೆಯರಿಗೆ ಇದನ್ನು ಹೇಳಿ ನೋಡಿ, ಮುಖ ಅರಳುತ್ತದೆ!)

‘ಶರಪಂಜರ’ದ ಕಥೆ ನಿಮಗೆಲ್ಲ ಗೊತ್ತು. ಸುಖವಾಗಿದ್ದ ಸಂಸಾರದ ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಆರೋಗ್ಯ ಕೆಡುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ಗಂಡ, ನೆರೆಹೊರೆ, ಎಲ್ಲರ ಕಣ್ಣಲ್ಲೂ ಅನುಮಾನ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಕೊನೆಗೆ ಆ ಅನುಮಾನವೇ ಅವಳನ್ನು ಮತ್ತೆ ಕಾಯಿಲೆಗೆ ತಳ್ಳುತ್ತದೆ.

ಇದನ್ನು ಸಮಾಜದ ಕ್ರೌರ್ಯದ ಕಥೆ ಎಂದು ಓದುವುದು ರೂಢಿ. ತಪ್ಪಲ್ಲ. ಆದರೆ ನನಗೆ ಈ ಸಲ ಅದು ಬೇರೆ ರೀತಿ ಕಂಡಿತು. ನನ್ನ ವೃತ್ತಿಯ ಭಾಷೆಯಲ್ಲಿ ಹೇಳಿದರೆ, ಪ್ರೋಗ್ರಾಂ ನಮ್ಮ ಲ್ಯಾಬಿನಲ್ಲಿ ಸರಿಯಾಗಿ ಓಡುತ್ತದೆ, ಗಿರಾಕಿಯ ಮೆಷಿನ್ನಿನಲ್ಲಿ ಬಿದ್ದುಹೋಗುತ್ತದೆ. ಆಸ್ಪತ್ರೆಯ ಕಾವೇರಿ ಗುಣವಾದವಳು, ಮನೆಯ ಕಾವೇರಿ ರೋಗಿ. ವೈದ್ಯರ ಕೆಲಸ ಎಲ್ಲಿ ಮುಗಿಯಿತು ಎಂದುಕೊಂಡೆವೋ, ಕಾಯಿಲೆಯ ಉತ್ತರಾರ್ಧ ಅಲ್ಲಿಂದ ಶುರುವಾಗುತ್ತದೆ. ಇದನ್ನು ತ್ರಿವೇಣಿ ಪಠ್ಯಪುಸ್ತಕದಿಂದಷ್ಟೇ ಕಲಿತಿರಲಾರರು. ಮನೆಗಳನ್ನು ಒಳಗಿನಿಂದ ನೋಡಿದವರಿಗೆ ಮಾತ್ರ ಕಾಣುವ ಸಂಗತಿ ಇದು.

ಕೃತಿಗೆ ಮಿತಿಗಳಿಲ್ಲವೆಂದಲ್ಲ. ಮನಸ್ಸಿನ ಪ್ರತಿಯೊಂದು ಗಂಟಿಗೂ ಹಿಂದಿನ ಬದುಕಿನಲ್ಲೊಂದು ಗುಟ್ಟಿನ ಕಾರಣ ಹುಡುಕುವ ಆ ಕಾಲದ ಮನಶ್ಶಾಸ್ತ್ರದ ನೆರಳು ತ್ರಿವೇಣಿಯವರ ಬರಹದ ಮೇಲಿದೆ. ಪುಟ್ಟಣ್ಣನವರ ಸಿನಿಮಾದಲ್ಲಂತೂ ಅದು ಇನ್ನೂ ದಪ್ಪಕ್ಷರದಲ್ಲಿದೆ. ಇವತ್ತಿನ ವೈದ್ಯಶಾಸ್ತ್ರ ಬೇರೆ ಹೇಳುತ್ತದೆ. ಬಾಣಂತಿಯರಿಗೆ ಬರುವ ಈ ತೀವ್ರ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ. ಹೆರಿಗೆಯ ನಂತರ ಹಾರ್ಮೋನುಗಳ ಏರುಪೇರು, ನಿದ್ದೆಗೇಡು, ವಂಶದಲ್ಲಿ ಬೈಪೋಲಾರ್ ಕಾಯಿಲೆಯ ಹಿನ್ನೆಲೆ ಇವೆಲ್ಲ ಅದರ ಹಿಂದಿರುತ್ತವೆ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದರೆ ಬಹುಪಾಲು ತಾಯಂದಿರು ಗುಣವಾಗುತ್ತಾರೆ. ಅಂದರೆ ತ್ರಿವೇಣಿಯವರ ಕಾಲದ ವಿಜ್ಞಾನ ಹಳೆಯದಾಗಿದೆ, ಅವರು ಬರೆದ ಮನೆ ಮಾತ್ರ ಇನ್ನೂ ಹಳೆಯದಾಗಿಲ್ಲ.

ನನಗೆ ಹೇಗೆ ಗೊತ್ತು ಅನ್ನುತ್ತೀರಾ? ಆ ಮನೆಯಲ್ಲಿ ನಾನಿದ್ದೆ. ಶಿವಮೊಗ್ಗ ಕಡೆಯ ನಮ್ಮೂರಲ್ಲಿ ಚಿಕ್ಕಮ್ಮ ಆಸ್ಪತ್ರೆಯಿಂದ ವಾಪಸು ಬಂದಾಗ ನನಗೆ ಏಳು ವರ್ಷ. ಅವರಿಗೊಂದು ಬೇರೆ ಲೋಟ ಇಟ್ಟಿದ್ದರು. ಮಗುವನ್ನು ಎತ್ತಿಕೊಂಡರೆ ಯಾರಾದರೂ ಬಾಗಿಲಲ್ಲಿ ನಿಲ್ಲುತ್ತಿದ್ದರು. ಈಳಿಗೆಮಣೆಯ ಹತ್ತಿರ ಹೋದರೆ ಓಡಿಬಂದು ಹೇಳುವ ಡ್ಯೂಟಿ ನನ್ನದು! ನಾನು ಓಡಿಬಂದು ಹೇಳುತ್ತಿದ್ದೆ ಕೂಡ. ಅವರು ಬರೀ ಬೀನ್ಸ್ ಹೆಚ್ಚುತ್ತಿದ್ದರು, ಅಷ್ಟೆ. ಕಾವೇರಿಯ ಸುತ್ತಲಿನ ಬಾಣಗಳಲ್ಲಿ ಒಂದು ಸಣ್ಣ ಬಾಣ ನಾನೂ ಆಗಿದ್ದೆ ಎನ್ನುವುದು ಈ ಕಾದಂಬರಿಯ ವಿಮರ್ಶೆಯಲ್ಲಿ ನಾನು ಸೇರಿಸಬೇಕಾದ ಸಾಲು.

ಇರಲಿ. ಈಗ ಮಗಳ ಪ್ರಶ್ನೆಗೆ ಬರೋಣ. ಮನೆಯ ಒಂದು ನೋವು ಈ ವೃತ್ತಿಗೆ ಬರಲು ಸಾಕಷ್ಟು ಕಾರಣವೇ?

ನಮ್ಮ ವೈದ್ಯ-ಸಾಹಿತಿಗಳನ್ನು ನೋಡಿದರೆ ಒಬ್ಬೊಬ್ಬರದೂ ಒಂದೊಂದು ದಾರಿ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ ವೈದ್ಯರಾಗಿದ್ದುಕೊಂಡೇ 1942ರಿಂದ 1967ರವರೆಗೆ ‘ಕೊರವಂಜಿ’ ನಡೆಸಿ ನಾಡನ್ನು ನಗಿಸಿದರು. ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, 1976ರಲ್ಲಿ, ಮನಸ್ಸಿನ ಕುರಿತಾದ ‘ಮನಮಂಥನ’ಕ್ಕೆ. ದಶಕಗಳ ಕಾಲ ರೋಗಿಗಳ ಮಾತು ಕೇಳಿದ ಮೇಲೆ ಹುಟ್ಟಿದ ಪುಸ್ತಕ ಅದು. ಅಂದರೆ ‘ಯಾಕೆ’ ಎಂಬುದಕ್ಕೆ ಉತ್ತರ ಅರ್ಜಿ ಹಾಕುವಾಗಲೇ ಸಿದ್ಧವಾಗಿರಬೇಕೆಂದಿಲ್ಲ, ಕೆಲಸ ಮಾಡುತ್ತಾ ಮಾಡುತ್ತಾ ಬೆಳೆಯಲೂಬಹುದು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ (1934-1991) ಅವರದು ಇನ್ನೊಂದು ಬಗೆ. ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳಲ್ಲಿ ಅವರು ಯಾರನ್ನು ಉದ್ದೇಶಿಸಿ ಬರೆದರು ನೋಡಿ. ಡಾಕ್ಟರ ಎದುರು ಬಾಯಿಬಿಡಲು ನಾಚುವ ಹೆಂಗಸರಿಗೆ. ಅವರು ವೈದ್ಯೆಯಾದ ಕಾರಣಕ್ಕಿಂತ ವೈದ್ಯೆಯಾಗಿ ಯಾರ ಕಡೆ ಮುಖಮಾಡಿದರು ಎನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಹೊರಗಿನ ಉದಾಹರಣೆಗಳೂ ತಮಾಷೆಯಾಗಿವೆ. ಮನೋವಿಶ್ಲೇಷಣೆಯ ಪಿತಾಮಹ ಫ್ರಾಯ್ಡ್ 1925ರ ತನ್ನ ಆತ್ಮಕಥನದಲ್ಲಿ, ತನಗೆ ವೈದ್ಯನಾಗಬೇಕೆಂಬ ವಿಶೇಷ ಒಲವೇನೂ ಇರಲಿಲ್ಲ, ಇದ್ದದ್ದು ಮನುಷ್ಯರ ಬಗೆಗಿನ ಕುತೂಹಲ ಎಂದು ಒಪ್ಪಿಕೊಂಡಿದ್ದಾನೆ. ಇಥಿಯೋಪಿಯಾದಲ್ಲಿ ಮೇಷ್ಟರಾಗಿದ್ದ ಮಲಯಾಳಿ ದಂಪತಿಗಳ ಮಗ, ಅಂದರೆ ನಮ್ಮ ಮಕ್ಕಳ ಹಾಗೆಯೇ ಪರದೇಶದಲ್ಲಿ ಬೆಳೆದ ಅಬ್ರಹಾಂ ವರ್ಗೀಸ್, ತನ್ನನ್ನು ವೈದ್ಯವೃತ್ತಿಗೆ ಎಳೆದದ್ದು ಸಾಮರ್‌ಸೆಟ್ ಮಾಮ್‌ನ ‘ಆಫ್ ಹ್ಯೂಮನ್ ಬಾಂಡೇಜ್’ ಕಾದಂಬರಿ ಎಂದು ಹೇಳಿಕೊಂಡಿದ್ದಾರೆ. ಒಂದು ಪುಸ್ತಕ ಸಾಕಾಯಿತು! ಸಾಹಿತ್ಯದಿಂದ ಏನು ಪ್ರಯೋಜನ ಎನ್ನುವ ನನ್ನ ಸಹೋದ್ಯೋಗಿಗಳಿಗೆ ಇದನ್ನು ಕಳಿಸಬೇಕು.

ಆದರೆ ನಮ್ಮ ಪ್ರಶ್ನೆಗೆ ಹತ್ತಿರದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್. ಆತ್ಮಹತ್ಯೆಯ ಅಂಚಿನಲ್ಲಿರುವವರಿಗಾಗಿ ಆಕೆ ರೂಪಿಸಿದ ಚಿಕಿತ್ಸೆಯನ್ನು ಇಂದು ಜಗತ್ತಿನಾದ್ಯಂತ ಬಳಸುತ್ತಾರೆ. ತಾನೂ ಹದಿಹರೆಯದಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದೆ ಎಂಬುದನ್ನು ಆಕೆ ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ಅರವತ್ತು ದಾಟಿದ ಮೇಲೆ. ಗಮನಿಸಬೇಕಾದದ್ದು ಇದು: “ನಾನು ನೊಂದವಳು, ಆದ್ದರಿಂದ ನನ್ನನ್ನು ನಂಬಿ” ಎಂದು ಆಕೆ ಚಿಕಿತ್ಸೆಯನ್ನು ಮುಂದಿಡಲಿಲ್ಲ. ರೋಗಿಗಳ ಗುಂಪುಗಳಲ್ಲಿ ಪರೀಕ್ಷಿಸಿ, ಹೋಲಿಸಿ, ಫಲಿತಾಂಶ ತೋರಿಸಿದರು. ನೋವು ಪ್ರಶ್ನೆಯನ್ನು ಕೊಟ್ಟಿತು, ಉತ್ತರವನ್ನು ಕೊಟ್ಟದ್ದು ಓದು ಮತ್ತು ಪರೀಕ್ಷೆ.

ಇದೇ ನನ್ನ ಮಾತಿನ ತಿರುಳು ಎಂದುಕೊಳ್ಳಿ. ಮನೆಯ ನೋವು ಒಂದು ಡಿಗ್ರಿಯಲ್ಲ, ಅರ್ಹತೆಯೂ ಅಲ್ಲ. ನಾಳೆ ಎದುರು ಕೂರುವ ರೋಗಿ ನಮ್ಮ ಚಿಕ್ಕಮ್ಮನೂ ಅಲ್ಲ. ಎಲ್ಲರಲ್ಲೂ ಚಿಕ್ಕಮ್ಮನನ್ನೇ ಕಂಡರೆ ಅದೂ ಒಂದು ಕುರುಡು. ಆದರೆ ಆ ನೋವು ಸರಿಯಾದ ಪ್ರಶ್ನೆಯನ್ನು ಕೇಳಿಸುತ್ತದೆ. “ಗುಣವಾದ ಮೇಲೆ ಇವರು ಯಾವ ಮನೆಗೆ ಹೋಗುತ್ತಾರೆ?” ಎಂಬ ಪ್ರಶ್ನೆ ರ್‍ಯಾಂಕು ಬಂದವರಿಗೆಲ್ಲ ತಾನಾಗಿ ಹೊಳೆಯುವುದಿಲ್ಲ. ತ್ರಿವೇಣಿಯವರಿಗೆ ಹೊಳೆಯಿತು. ನನ್ನ ಮಗಳಿಗೂ ಹೊಳೆದಿತ್ತು, ನಾನು ಅಳಿಸಲು ಹೊರಟಿದ್ದೆ.

ಮಾರನೆಯ ದಿನ “ಆ ಲೈನ್ ಇರಲಿ” ಎಂದೆ. ಅವಳು ನನಗಿಂತ ಒಂದು ಹೆಜ್ಜೆ ಮುಂದಿದ್ದಳು. “ಅಪ್ಪಾ, ಅದು ನಂದೂ ಅಲ್ಲ, ನಿಂದೂ ಅಲ್ಲ, ಚಿಕ್ಕಜ್ಜಿ ಕಥೆ. ಅವರನ್ನ ಕೇಳ್ಬೇಕಲ್ವಾ?” ಎಂದಳು. ಸಾಹಿತ್ಯದಲ್ಲಿ ನಾವೆಲ್ಲ ಮರೆಯುವ ಪ್ರಶ್ನೆ ಇದು!

ಊರಿಗೆ ಫೋನ್ ಮಾಡಿದೆ. ಸುತ್ತಿ ಬಳಸಿ ವಿಷಯಕ್ಕೆ ಬರಲು ಹತ್ತು ನಿಮಿಷ ಹಿಡಿಯಿತು. ಮಳೆ, ಅಡಿಕೆ ರೇಟು ಎಲ್ಲ ಆದ ಮೇಲೆ ಹೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬರೀಲಿ ಬಿಡೋ. ಆದ್ರೆ ಬರೀ ಕಾಯಿಲೆ ಬಂತು ಅಂತ ಬರೆದು ನಿಲ್ಸೋದು ಬೇಡ. ಹುಷಾರಾದ್ರು, ಮಕ್ಕಳನ್ನ ಸಾಕಿದ್ರು, ಇನ್ನೂ ಗಟ್ಟಿಯಾಗಿದಾರೆ ಅಂತಾನೂ ಬರೀಲಿ” ಎಂದರು. ಈಳಿಗೆಮಣೆಯ ವಿಷಯ ಎತ್ತಿ ಕ್ಷಮೆ ಕೇಳೋಣವೆಂದುಕೊಂಡೆ. ಬಾಯಿ ಬರಲಿಲ್ಲ. ಅವರೇ, “ನೀನಾಗ ಮಗು” ಎಂದರು. ಅಂದರೆ ಅವರಿಗೆ ಎಲ್ಲ ನೆನಪಿದೆ.

ಫೋನ್ ಇಟ್ಟ ಮೇಲೆ ‘ಶರಪಂಜರ’ದ ಬಗ್ಗೆ ನನ್ನ ಕೊನೆಯ ತಕರಾರು ಸಿಕ್ಕಿತು. ತಕರಾರು ತ್ರಿವೇಣಿಯವರ ಮೇಲಲ್ಲ, ಅವರು ಕಂಡದ್ದನ್ನು ಬರೆದರು. ಹೆರಿಗೆಯಾದ ಕೆಲವೇ ದಿನಗಳಲ್ಲಿ, 35 ತುಂಬುವ ಮೊದಲೇ ಅವರು ತೀರಿಕೊಂಡರು. ತಕರಾರು ನಮ್ಮ ಮೇಲೆ. ಇಷ್ಟು ದಶಕಗಳಾದರೂ ಮನಸ್ಸಿನ ಕಾಯಿಲೆ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಮತ್ತೆ ಆಸ್ಪತ್ರೆಗೆ ಹೊರಟ ಕಾವೇರಿ, ಕಲ್ಪನಾ ಅವರ ಆ ನಗು. ಗುಣವಾಗಿ, ಮಕ್ಕಳನ್ನು ಬೆಳೆಸಿ, ಬೀನ್ಸ್ ಹೆಚ್ಚುತ್ತಾ ಮುದುಕಿಯಾದ ಕಾವೇರಿ ನಾನು ಓದಿದ ಕನ್ನಡ ಕಾದಂಬರಿಗಳಲ್ಲಿ ಸಿಕ್ಕಿಲ್ಲ. ನಿಮಗೆ ಸಿಕ್ಕಿದ್ದರೆ ದಯವಿಟ್ಟು ಬರೆದು ತಿಳಿಸಿ, ಮುಂದಿನ ಬೈಠಕ್‌ಗೆ ಅದನ್ನೇ ಓದೋಣ.

ಅಂದ ಹಾಗೆ, ಈ ಬರಹವನ್ನೂ ಕಳಿಸುವ ಮುಂಚೆ ಚಿಕ್ಕಮ್ಮನಿಗೆ ಓದಿ ಹೇಳಿದ್ದೇನೆ. “ಉಪ್ಪಿಟ್ಟಿನ ವಿಷಯ ಯಾಕೆ ಬೇಕಿತ್ತು?” ಎಂದಷ್ಟೇ ಕೇಳಿದರು.


ಅಲ್ ಬರ್ಷಾದಿಂದ ನಿಮ್ಮ ಮಿತ್ರ